ಬಾವಲಿ ತಿನ್ನುವವರ ಮದ್ದು

ಜೂನ್ 28, 2021. ಸೋಮವಾರ. ನವುಂದಿ, ಶಾಲೆಯ ಕೋಣೆ

ದೋಣಿ ಬರಲಿಲ್ಲ. ಲಸಿಕೆಯ ಪೆಟ್ಟಿಗೆ ಬೆಳಿಗ್ಗೆ ಐದು ಡಿಗ್ರಿ, ಸಂಜೆಯೂ ಐದು. ಐಸ್ ಪ್ಯಾಕ್ ಬದಲಿಸಿದೆ. ಗಾಳಿ ಜೋರು.

ಗುರುವಾರ ಈ ದ್ವೀಪಕ್ಕೆ ಬಂದವರು ನಾವು. ಎರಡು ದಿನದ ಕೆಲಸ, ಶನಿವಾರ ವಾಪಸ್ ಅಂದುಕೊಂಡಿದ್ದು. ನಾನು ಸೂಜಿಗೆ, ಹೆಲ್ತ್ ಇನ್ಸ್‌ಪೆಕ್ಟರ್ ಕಮ್ಲೇಶ್ ನಾಯ್ಡು ಹೆಸರು ಬರೆದುಕೊಳ್ಳುವುದಕ್ಕೆ. ಊರಿನವರು ಚೆನ್ನಾಗಿ ಬರಮಾಡಿಕೊಂಡರು, ಚೆನ್ನಾಗಿ ಉಣ್ಣಿಸಿದರು. ತೋಳು ಮಾತ್ರ ಕೊಡಲಿಲ್ಲ. ಪಾದ್ರಿ ಲಸಿಕೆಯ ಬಗ್ಗೆ ಬಾಯಿ ಬಿಡುವುದಿಲ್ಲ. ಆ ಮೌನವನ್ನು ಎಲ್ಲರೂ ಉತ್ತರ ಎಂದುಕೊಂಡಿದ್ದಾರೆ. ಊರ ಮುಖ್ಯಸ್ಥ ರಾತು ಇಲಾಯ್ತಿಯಾ ಕೇಳಿದಾಗಲೆಲ್ಲ ಒಂದೇ ಮಾತು: "ಯೋಚನೆ ಮಾಡ್ತಿದೀವಮ್ಮ." ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಮರ್ಯಾದೆಯ ಮಾತು ಫಿಜಿಯಲ್ಲಿಲ್ಲ.

ಮೆಲೆಕಿ ಮೊದಲ ದಿನವೇ ಶುರು ಮಾಡಿದ್ದ. ಸಭಾಮನೆಯಲ್ಲಿ, ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಯಂಗೋನಾ ಬೇರಿನ ಕಟ್ಟನ್ನು ಕಾಣಿಕೆಯಾಗಿ ರಾತುವಿನ ಮುಂದಿಟ್ಟು, ಊರಿಗೆ ಬಂದೆವೆಂದು ಕಮ್ಲೇಶ್ ಭಾಯಿ ತೊದಲಿ ಮುಗಿಸಿದ್ದರು, ಅಷ್ಟೇ. ಹಿಂದಿನ ಸಾಲಿನಿಂದ ಮೀನುಗಾರ ಮೆಲೆಕಿಯ ದನಿ:

"ಏ ಬಾವಲಿ ತಿನ್ನೋಳೇ! ರೋಗ ಬಾವಲಿಯಿಂದ ಬಂತಂತೆ, ರೇಡಿಯೋದಲ್ಲಿ ಹೇಳಿದ್ರು. ತಿಂದೋರೂ ನೀವು, ಹಬ್ಬಿಸಿದೋರೂ ನೀವು. ಈಗ ಮದ್ದು ಹಿಡ್ಕೊಂಡು ಬಂದೋರೂ ನೀವೇನಾ?"

"ಮೀನಿನ ತಲೆ ಚೀಪ್ಕೊಂಡು ಬಿದ್ದಿರೋರಿಗೆ ಬಾವಲಿ ರುಚಿ ಏನು ಗೊತ್ತು?" ಅಂದೆ.

ಇಡೀ ಸಭೆ ಚಾಪೆ ಬಡಿದು ನಕ್ಕಿತು. ಕಮ್ಲೇಶ್ ಭಾಯಿ ಬೆವರಿದರು. "ಸಿಸ್ಟರ್, ಜಗಳನಾ ಇದು?"

"ಅಲ್ಲ. ನಂಟು."

ಅವರು ಪೇಟೆಯಲ್ಲಿ ಬೆಳೆದವರು, ಬಿಡಿಸಿ ಹೇಳಬೇಕಾಯಿತು. ನಮ್ಮಪ್ಪನ ಊರು ವಾಯ್ಬುತಾ, ಬಾವಲಿ ತಿನ್ನುವವರ ಊರು. ಅದಕ್ಕೂ ನವುಂದಿಗೂ ಮೂಲಪುರುಷ ಒಬ್ಬನೇ. ಹಾಗಾಗಿ ನಾವೂ ಇವರೂ ತೌವು. ತೌವುಗಳು ಒಬ್ಬರನ್ನೊಬ್ಬರು ಏನು ಬೇಕಾದರೂ ಅನ್ನಬಹುದು, ಏನು ಬೇಕಾದರೂ ಎತ್ತಿಕೊಂಡು ಹೋಗಬಹುದು. ಸಿಟ್ಟಾಗುವಂತಿಲ್ಲ. ಕೇಳಿದ್ದನ್ನು ಇಲ್ಲ ಅನ್ನುವಂತಿಲ್ಲ. ಅವತ್ತೇ ನನ್ನ ಚಪ್ಪಲಿ ಹೋದವು. ಮೆಲೆಕಿಯ ಹೆಂಡತಿ ಹಾಕಿಕೊಂಡು ಓಡಾಡುತ್ತಾಳೆ — ನಾನು ಕಂಡರೆ ಇನ್ನೂ ನಿಧಾನವಾಗಿ.

ಜೂನ್ 29, ಮಂಗಳವಾರ

ಫೋನ್ ಸಿಗುವುದು ಗುಡ್ಡದ ನೆತ್ತಿಯ ಬಂಡೆಯ ಮೇಲೆ ಮಾತ್ರ. ಬರಿಗಾಲಲ್ಲಿ ಹತ್ತಿದೆ. ದೊಡ್ಡ ದ್ವೀಪದ ಆಸ್ಪತ್ರೆಯ ಡಾಕ್ಟರ್ ಸುಸಾನಾ ಸಿಕ್ಕರು.

"ತರೈ, ದ್ವೀಪಗಳ ಮಧ್ಯೆ ಹಡಗು, ದೋಣಿ ಎಲ್ಲಾ ನಿಲ್ಸಿದಾರೆ. ಅಲ್ಲೇ ಇರು."

"ಎಲ್ಲೀ ತನಕ ಡಾಕ್ಟ್ರೇ?"

"ಅದೊಂದನ್ನ ನನ್ನ ಕೇಳಬೇಡ. ಇಲ್ಲಿ ವಾರ್ಡ್ ತುಂಬಿ ಅಂಗಳದಲ್ಲಿ ಟೆಂಟ್ ಹಾಕಿದೀವಿ." ಆಮೇಲೆ, ಲೈನ್ ಕಡಿಯುವ ಮೊದಲು: "ಆ ಸೀಸೆಗಳನ್ನ ವಾಪಸ್ ತರಬೇಡ. ಹೇಗಾದ್ರೂ ಮಾಡಿ ಅಲ್ಲೇ ಹಾಕಿ ಮುಗಿಸು."

ಬಂಡೆಯ ಮೇಲೆ ನಿಂತರೆ ಇಡೀ ದ್ವೀಪ ಕಾಣುತ್ತದೆ. ಸುತ್ತ ಹವಳದ ದಿಬ್ಬ, ಅದರ ಮೇಲೆ ಒಡೆಯುವ ಬಿಳಿ ಅಲೆ — ತಟ್ಟೆಯ ಅಂಚಿನ ಹಾಗೆ. ನಾವು ತಟ್ಟೆಯಲ್ಲಿ. ಇಳಿದು ಬಂದು ಕಡಲಂಚಿನಲ್ಲೇ ನಡೆದೆ. ನಡೆಯುತ್ತ ಹೋದರೆ ಹೊರಟ ಶಾಲೆಯೇ ಮತ್ತೆ ಎದುರಾಗುತ್ತದೆ.

ಪೆಟ್ಟಿಗೆಯ ಎರಡು ಥರ್ಮಾಮೀಟರ್‌ಗಳಲ್ಲಿ ಎಲೆಕ್ಟ್ರಾನಿಕ್‌ನ ಬ್ಯಾಟರಿ ಹೋಗಿದೆ. ನಡುವೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ನೆನಪಿಟ್ಟುಕೊಳ್ಳುತ್ತಿದ್ದದ್ದು ಅದೇ. ಉಳಿದದ್ದು ಮುಳ್ಳಿನದು. ಅದಕ್ಕೆ ಆ ಕ್ಷಣ ಮಾತ್ರ ಗೊತ್ತು. ಎರಡರಿಂದ ಎಂಟರೊಳಗೆ ಇರಬೇಕು. ಐಸ್ ಪ್ಯಾಕ್‌ಗಳನ್ನು ಅಕಾನಿಸಿಯ ಅಂಗಡಿಯ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ತರುತ್ತೇನೆ — ಅವಳು ಹಗಲಿಡೀ ಜನರೇಟರ್ ಓಡಿಸುತ್ತಾಳೆ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

ತಂದಿದ್ದ ಒಂದೇ ಕಾದಂಬರಿ ಮುಗಿಯಿತು. ಯಾವುದೋ ಹಿಮದ ದೇಶದ್ದು, ಅನುವಾದ. ಮೊದಲಿಂದ ಮತ್ತೆ ಓದಬೇಕು. ಕಮ್ಲೇಶ್ ಭಾಯಿ ಅದರಲ್ಲೇ ಗಾಳಿ ಹಾಕಿಕೊಳ್ಳುತ್ತಾರೆ. ಅವರಿಗೆ ರೊಟ್ಟಿಯದೇ ಕನಸು. "ಮರಗೆಣಸು ಒಳ್ಳೇದೇ ಸಿಸ್ಟರ್. ಆದ್ರೆ ಮೂರು ಹೊತ್ತೂ ಒಳ್ಳೇದು ಮಾಡಿದ್ರೆ ಮನುಷ್ಯ ಏನಾಗ್ಬೇಕು?"

ಜೂನ್ 30, ಬುಧವಾರ

ಲೋಸಾ ಅಜ್ಜಿಯ ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಲು ಹೋದೆ. ಸಕ್ಕರೆ ಕಾಯಿಲೆ, ಹುಣ್ಣು ಮಾಯುತ್ತಿಲ್ಲ. ದಿನವೂ ಹೋಗುತ್ತೇನೆ, ದಿನವೂ ಕೆಸುವಿನ ಎಲೆಯ ಪಲ್ಯ ಎತ್ತಿಟ್ಟಿರುತ್ತಾಳೆ, ದಿನವೂ "ಬಾವಲಿಗಿಂತ ರುಚಿಯಾ?" ಎಂದು ಕೇಳುತ್ತಾಳೆ.

ಇವತ್ತು ಒಳಗೆ ಕೆಮ್ಮು. ಗಂಡಸಿನದು.

"ಯಾರಜ್ಜಿ?"

"ವೈಸಾಕೆ. ಮೊಮ್ಮಗ. ಸುಮ್ನೆ ಶೀತ ಕಣೆ."

ದೊಡ್ಡ ದ್ವೀಪದ ಮಾರ್ಕೆಟ್‌ನಲ್ಲಿ ಮೂಟೆ ಇಳಿಸುತ್ತಿದ್ದವನು. ಕೆಲಸ ನಿಂತಿತು, ಊಟ ನಿಂತಿತು, ಯಾರದೋ ಫೈಬರ್ ದೋಣಿಯಲ್ಲಿ ಕಣ್ಣು ತಪ್ಪಿಸಿ ಮನೆಗೆ ಬಂದಿದ್ದಾನೆ. ಬಂದು ಮೂರು ದಿನ. ಬಂದ ಸಂಜೆಯೇ ಯಂಗೋನಾ ಕುಡಿಯಲು ಎಲ್ಲರ ಜೊತೆ ಸುತ್ತು ಕೂತಿದ್ದಾನೆ. ತೆಂಗಿನ ಕರಟದ ಬಟ್ಟಲು, ಬಿಲೊ, ಒಂದೇ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ.

ಮೂಗಿನ ಸ್ಯಾಂಪಲ್ ತೆಗೆದೆ. ತೋಟದ ಗುಡಿಸಲಿಗೆ ಹೋಗಿ ಒಬ್ಬನೇ ಇರಲು ಹೇಳಿದೆ. ಅವನು ಎದ್ದ. ಅಜ್ಜಿ ಏಳಲಿಲ್ಲ.

"ಯಾಕೆ, ನಮ್ಮನೇಲಿ ಚಾಪೆ ಇಲ್ವಾ? ಹುಷಾರಿಲ್ಲದೋನನ್ನ ಹಂದಿ ಥರ ತೋಟಕ್ಕೆ ಅಟ್ಟೋದಾ?"

"ನಿನಗೆ ಬಂದ್ರೆ ನೀನು ಉಳಿಯಲ್ಲ ಅಜ್ಜಿ."

"ನೋಡಿದ್ರಾ, ವಾಯ್ಬುತಾದವರ ಬಾಯಲ್ಲಿ ಯಾವತ್ತಾದ್ರೂ ಒಳ್ಳೆ ಮಾತು ಬಂದಿದ್ಯಾ!" ನಕ್ಕಳು. ನಾನು ನಗದೆ ಹೇಳಿದ್ದು. ತೌವು ನಗದೆ ಹೇಳಿದರೂ ಅದು ತಮಾಷೆಯೇ.

ಜುಲೈ 1, ಗುರುವಾರ

ಪೊಲೀಸ್ ದೋಣಿ ಹವಳದ ದಿಬ್ಬದ ತನಕ ಬಂತು. ಒಳಗೆ ಬರುವುದಿಲ್ಲವಂತೆ. ಮೆಲೆಕಿಯ ದೋಣಿಯಲ್ಲಿ ಹೋಗಿ ಸ್ಯಾಂಪಲ್ ಕೊಟ್ಟೆವು. ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಬಲೆಯಲ್ಲಿ ತೆಗೆದುಕೊಂಡರು. ಕಮ್ಲೇಶ್ ಭಾಯಿ ಎದ್ದು ನಿಂತು, ದೋಣಿ ಅಲುಗುತ್ತಿದ್ದರೂ, ಕೈ ಮುಗಿದು ಕೇಳಿದರು — ನಮ್ಮನ್ನೂ ಕರ್ಕೊಂಡು ಹೋಗ್ತೀರಾ? ಮಾಸ್ಕಿನ ಹಿಂದಿನಿಂದ ಪೊಲೀಸ್ ತಲೆ ಅಲ್ಲಾಡಿಸಿದ.

ವಾಪಸ್ ಬರುವಾಗ ಅವರೆಂದರು: "ಮೂಗಿನ ಸಿಂಬಳಕ್ಕೆ ಸೀಟಿದೆ. ನನಗಿಲ್ಲ."

ಮೆಲೆಕಿ ಹುಟ್ಟು ಬಿಟ್ಟು ನಕ್ಕ. ಆಮೇಲೆ ಕಾಲಿನಿಂದ ನಮ್ಮ ಪೆಟ್ಟಿಗೆ ಮುಟ್ಟಿ ನೋಡಿದ. ಸ್ಯಾಂಪಲ್‌ಗೆ ಐಸ್ ಬೇಕಾಗಬಹುದೆಂದು ಜೊತೆಗೆ ತಂದಿದ್ದೆ.

"ಒಳ್ಳೆ ಪೆಟ್ಟಿಗೆ ಇದು."

"ಮುಟ್ಟಬೇಡ," ಅಂದೆ.

"ಬೇಡ ಅಂತ ನನಗೆ ಹೇಳ್ತಿದೀಯಾ?" ಅಂದ. ಖುಷಿಯಿಂದ.

ಜುಲೈ 3, ಶನಿವಾರ

ಬೆಳಿಗ್ಗೆ ಐದು ಡಿಗ್ರಿ. ಮುಳ್ಳು ನೋಡಿಕೊಂಡು ಬಂಡೆಗೆ ಹೋದೆ. ಮೋಡ, ಸಿಗ್ನಲ್ ಬರುತ್ತದೆ, ಹೋಗುತ್ತದೆ. ಇಡೀ ದಿನ ಅಲ್ಲೇ. ಬೇಯಿಸಿದ ದೀವಿ ಹಲಸಿನ ತುಂಡು ಒಯ್ದಿದ್ದೆ, ಇರುವೆ ತಿಂದವು.

ಹೊತ್ತು ಇಳಿಯುವಾಗ ಡಾಕ್ಟರ್ ಸಿಕ್ಕರು. ವೈಸಾಕೆಗೆ ಪಾಸಿಟಿವ್.

"ಯಾವ ರೂಪಾಂತರಿ?"

"ಮೆಲ್ಬರ್ನ್‌ಗೆ ಕಳಿಸಿದೀವಿ, ಅಲ್ಲಿಂದ ಬರಬೇಕು. ಆದ್ರೆ ತರೈ, ಕಾಯಬೇಡ. ದೇಶದಲ್ಲಿ ಈಗ ಬೇರೆ ಯಾವ್ದೂ ಇಲ್ಲ. ಡೆಲ್ಟಾ ಅಂತಲೇ ತಿಳ್ಕೋ. ಒಬ್ಬನಿಗೆ ಬಂದ್ರೆ ಮನೆಗೇ ಬರುತ್ತೆ."

ಇಳಿದು ಬಂದಾಗ ಕತ್ತಲಾಗುತ್ತಿತ್ತು. ಕಮ್ಲೇಶ್ ಭಾಯಿ ದಡದಲ್ಲಿ ಯಾರದೋ ಬಲೆ ನೇಯುತ್ತ ಕೂತಿದ್ದರು. ಬೆಳಿಗ್ಗೆಯಿಂದ ಅಲ್ಲೇ ಇದ್ದರಂತೆ. ಪೆಟ್ಟಿಗೆ ನೋಡಿದೆ. ಮುಳ್ಳು ಎರಡರ ಮೇಲೆ. ಇಷ್ಟು ದಿನ ಐದರಿಂದ ಅಲುಗದ್ದು. ಮಿತಿಯೊಳಗೇ ಇದೆ, ಸರಿ. ಸೀಸೆಗಳಿರುವ ಒಳಗಿನ ಡಬ್ಬಿ ತೆರೆಯಲಿಲ್ಲ — ತೆರೆದಷ್ಟೂ ತಂಪು ಹೋಗುತ್ತದೆ. ಮೀನಿನ ವಾಸನೆ. ಈ ಊರಿನಲ್ಲಿ ಯಾವುದಕ್ಕಿಲ್ಲ?

ಜುಲೈ 4, ಭಾನುವಾರ

ಮಾಡಿಬಿಟ್ಟೆ. ಮಾಡುತ್ತೇನೆಂದು ಬೆಳಿಗ್ಗೆ ನನಗೇ ಗೊತ್ತಿರಲಿಲ್ಲ.

ಪ್ರಾರ್ಥನೆ ಮುಗಿದು ಸಭಾಮನೆಯಲ್ಲಿ ಊಟ. ನಾನು ಎದ್ದು ನಿಂತು ವೈಸಾಕೆಯ ವಿಷಯ ಹೇಳಿದೆ. ಡೆಲ್ಟಾ ಅಂದೆ, ಆಕ್ಸಿಜನ್ ಅಂದೆ, ಟೆಂಟ್ ಅಂದೆ. ಎಲ್ಲರೂ ತಟ್ಟೆ ನೋಡುತ್ತಿದ್ದರು. ರಾತು ಬಾಯಿ ತೆರೆದರು. "ಯೋಚನೆ" ಎಂಬ ಮಾತು ಹೊರಡುವುದು ಕಂಡಿತು. ಅದಕ್ಕೂ ಮುಂಚೆ ನಾನು ಕೂಗಿದೆ:

"ಏ ನವುಂದಿ! ಬಂದಾಗಿನಿಂದ ನನ್ನ ಚಪ್ಪಲಿ ತಗೊಂಡ್ರಿ. ನನ್ನ ಛತ್ರಿ ತಗೊಂಡ್ರಿ. ನನ್ನ ಸೋಪು ತಗೊಂಡ್ರಿ — ಮೆಲೆಕಿ, ಅದನ್ನ ನೀನು ಬಳಸಿಲ್ಲ ಅಂತ ಇಲ್ಲೀ ತನಕ ವಾಸನೆ ಬರ್ತಿದೆ."

ನಗು.

"ಈಗ ನನ್ನ ಸರದಿ. ನಿಮ್ಮ ಹಂದಿ ಬೇಡ. ನಿಮ್ಮ ಚಾಪೆ ಬೇಡ. ಒಬ್ಬೊಬ್ಬರೂ ಎಡ ತೋಳು ಕೊಡಿ. ವಾಯ್ಬುತಾ ಕೇಳ್ತಿದೆ. ಇಲ್ಲ ಅನ್ನೋರು ಎದ್ದು ನಿಂತು ನನ್ನ ಮುಖಕ್ಕೆ ಇಲ್ಲ ಅನ್ನಿ."

ಯಾರೂ ಏಳಲಿಲ್ಲ. ಎದ್ದು ಇಲ್ಲ ಅನ್ನಲು ತೌವುಗೆ ಬಾಯೇ ಇಲ್ಲ. ಪಾದ್ರಿ ನೆಲ ನೋಡುತ್ತಿದ್ದರು. ಹೆಗಲು ಕುಣಿಯುತ್ತಿತ್ತು, ನಗುತ್ತಿದ್ದರು. ಮೊದಲು ಲೋಸಾ ಅಜ್ಜಿ ತೋಳು ಮಡಚಿ ಮೇಲೆತ್ತಿದಳು.

"ತಗೋ, ಬಾವಲಿ. ಕಚ್ಚು."

ಜುಲೈ 5, ಸೋಮವಾರ

ಎಲ್ಲರಿಗೂ ಹಾಕಿದೆ. ಹದಿನೆಂಟು ದಾಟಿದ ಇಡೀ ಊರು. ಕೈ ಬಿದ್ದುಹೋಗಿದೆ. ರಾತು ಸಾಲಿನಲ್ಲಿ ನಿಂತಿದ್ದರು. ಮೆಲೆಕಿ ಕಣ್ಣು ಮುಚ್ಚಿಕೊಂಡ, ಸೂಜಿಗೆ ಹೆದರುತ್ತಾನೆ. ಇನ್ನು ಜೀವಮಾನಕ್ಕೆ ಸಾಕಾಗುವಷ್ಟು ಮಾತು ಸಿಕ್ಕಿತು ನನಗೆ.

ಒಬ್ಬೊಬ್ಬರಿಗೂ ಹೇಳಿದೆ: ಇದು ಮೊದಲನೆಯದು, ಎರಡು-ಮೂರು ವಾರವಾದರೂ ಕೆಲಸ ಮಾಡುವುದಿಲ್ಲ, ದೂರ ಇರಿ, ಬಿಲೊ ಬೇಡ. ಒಬ್ಬೊಬ್ಬರೂ ನಕ್ಕರು.

ಪೆಟ್ಟಿಗೆ: ನಾಲ್ಕು. ಇನ್ನು ಅದನ್ನು ನೋಡಿ ಏನಾಗಬೇಕು. ತಳದಲ್ಲಿ ಒಂದೇ ಸೀಸೆ.

ನಿದ್ದೆ ಬರುತ್ತದೆ ಇವತ್ತು.

ಜುಲೈ 9, ಶುಕ್ರವಾರ

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ, ಸುಖವಾಗಿತ್ತು. ದೋಣಿ ಇಲ್ಲದ್ದೂ ಮರೆತಿತ್ತು.

ಸಂಜೆ ಯಂಗೋನಾ ಕೂಟ. ವೈಸಾಕೆ ತೋಟಕ್ಕೆ ಹೋದ ಮೇಲೆ ಎಲ್ಲರೂ ತಮ್ಮ ತಮ್ಮ ಲೋಟ ತರುತ್ತಿದ್ದರು, ನನ್ನ ಕಾಟಕ್ಕೆ. ಇವತ್ತು ಮತ್ತೆ ಒಂದೇ ಬಿಲೊ. "ಸೂಜಿ ಆಯ್ತಲ್ಲ," ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೆಲೆಕಿ:

"ಈ ವಾಯ್ಬುತಾದವಳು ಎರಡು ಹೊತ್ತೂ ಪೆಟ್ಟಿಗೆ ಮುಂದೆ ಕೂತು ಮುಳ್ಳು ನೋಡ್ತಿದ್ಲು, ಗಡಿಯಾರ ಕಲಿಯೋ ಮಗು ಥರ. ಅದೇ ಪೆಟ್ಟಿಗೆ ಒಂದು ಹಗಲಿಡೀ ನನ್ನ ದೋಣೀಲಿತ್ತು. ಗೊತ್ತಾಯ್ತಾ ಇವಳಿಗೆ?"

"ಯಾವತ್ತು?" ನಗುತ್ತಲೇ ಕೇಳಿದೆ ಅನ್ನಿಸುತ್ತದೆ.

"ನೀನು ಬಂಡೆ ಮೇಲೆ ಕೂತು ಡಾಕ್ಟ್ರ ಜೊತೆ ಪಿಸುಗುಟ್ತಿದ್ಯಲ್ಲ, ಆ ಶನಿವಾರ. ಅಂಜಲ್ ಮೀನು ಬಿದ್ದಿತ್ತು ಕಣೇ, ಇಷ್ಟಿಷ್ಟುದ್ದ! ಸಂಜೆ ತನಕ ಒಂದೂ ಮೆತ್ತಗಾಗ್ಲಿಲ್ಲ. ಪೆಟ್ಟಿಗೆ ಅಂದ್ರೆ ಪೆಟ್ಟಿಗೆ."

"ಒಳಗಿದ್ದ ಮದ್ದು?"

"ಅಯ್ಯೋ, ನಿನ್ನ ಮದ್ದನ್ನ ಬಿಸಿಲಿಗೆ ಹಾಕ್ತೀನಾ? ಅಕಾನಿಸಿ ಫ್ರೀಜರಿನ ತಳಕ್ಕೆ ಇಟ್ಟೆ. ಕಲ್ಲಾಗಿತ್ತು, ಕಲ್ಲು! ನೀನು ಐದು ಡಿಗ್ರಿ ಐದು ಡಿಗ್ರಿ ಅಂತ ಒದ್ದಾಡ್ತಿದ್ದೆ, ನಾನು ಸೊನ್ನೆಗಿಂತ ಕೆಳಗೆ ಇಳಿಸಿಕೊಟ್ಟೆ. ಸಂಜೆ ಪೆಟ್ಟಿಗೆ ತೊಳೆದು, ಐಸ್ ತುಂಬಿ, ಹಾಗೇ ತಂದಿಟ್ಟೆ. ಹೇಳಿ, ಯಾರು ಚೆನ್ನಾಗಿ ನೋಡ್ಕೊಂಡ್ರು — ಬಾವಲಿಗಳಾ, ನಾವಾ?"

"ನಾವೇ!" ಅಂದಿತು ಸಭೆ. ಅಕಾನಿಸಿ ಕಣ್ಣೊರೆಸಿಕೊಳ್ಳುವಷ್ಟು ನಗುತ್ತಿದ್ದಳು. ಲೋಸಾ ಅಜ್ಜಿ ನನ್ನ ಬೆನ್ನಿಗೆ ಗುದ್ದಿದಳು.

ತೌವು ನಗಬೇಕು. ನಕ್ಕೆ. ಬಿಲೊ ನನ್ನ ಮುಂದೆ ಬಂತು.

ತಂಪು ಬೇಕು, ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿದರೆ ಲಸಿಕೆ ಕೆಟ್ಟಂತೆ. ಕರಗಿದ ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಪಾಯವಿಲ್ಲ. ಭರವಸೆಯೂ ಇಲ್ಲ. ಇಡೀ ಊರಿನ ತೋಳಿಗೆ ಅದನ್ನೇ ಚುಚ್ಚಿದ್ದೇನೆ.

ಜುಲೈ 10, ಶನಿವಾರ

ಅಕಾನಿಸಿಯನ್ನು ಕೇಳಿದೆ. ಹೌದು, ಬೆಳಿಗ್ಗೆಯಿಂದ ಸಂಜೆಯ ತನಕ. ಐಸ್‌ಕ್ರೀಮ್ ಡಬ್ಬಿಗಳ ಕೆಳಗೆ. "ಮೆಲೆಕಿ ಕೈಗೆ ಅಂಟ್ಕೊಂಡು ಬಿಡ್ತು ಆ ಡಬ್ಬಿ, ಅಷ್ಟು ತಣ್ಣಗಿತ್ತು," ಅಂದಳು. ಹೆಮ್ಮೆಯಿಂದ.

ಬಂಡೆ. ಡಾಕ್ಟರ್ ಸುಸಾನಾಗೆ ಎಲ್ಲಾ ಹೇಳಿದೆ.

"ಎಲ್ಲರಿಗೂ ಮತ್ತೆ ಹಾಕಬೇಕು. ಮುಂದಿನ ಗುರುವಾರ ಪೊಲೀಸ್ ದೋಣೀಲಿ ಹೊಸ ಸೀಸೆ ಕಳಿಸ್ತೀನಿ."

"ಜನರಿಗೆ ಏನು ಹೇಳ್ಲಿ?"

ದನಿ ತಗ್ಗಿಸಿದರು. ಆಮೇಲೆ: "ಎರಡನೇ ಡೋಸ್ ಬೇಗ ಬಂತು ಅನ್ನು. ಇದನ್ನ ನಾನು ಹೇಳಿಲ್ಲ. ಆದ್ರೆ ಹಾಗನ್ನು."

ಕಮ್ಲೇಶ್ ಭಾಯಿಗೆ ಹೇಳಿದೆ. ಹೆಸರು ದಾಖಲಿಸುವ ಟ್ಯಾಬ್ಲೆಟ್ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು.

"ಡಾಕ್ಟ್ರು ಹೇಳಿದ್ದೇ ಸರಿ ಸಿಸ್ಟರ್. ಮದ್ದು ಕೆಟ್ಟಿತ್ತು ಅಂದ್ರೆ ಇನ್ನೊಂದ್ಸಲ ತೋಳು ಕೊಡ್ತಾರಾ? ಇಲ್ಲಿ ಅಲ್ಲ, ಯಾವ ದ್ವೀಪದಲ್ಲೂ ಕೊಡಲ್ಲ. ಒಂದು ದೋಣಿ ಸಾಕು ಸುದ್ದಿ ಹೋಗೋಕೆ."

"ಅಲ್ಲೀವರೆಗೆ ಒಂದೇ ಬಟ್ಟಲಲ್ಲಿ ಕುಡೀತಾರಲ್ಲ?"

"ಅದಕ್ಕೆ ಬೇರೆ ಏನಾದ್ರೂ ಹೇಳಿ."

"ಏನು?"

ಅಷ್ಟಕ್ಕೂ ಫ್ರೀಜರಿನ ಕಥೆ ಊರಿಗೆಲ್ಲ ಗೊತ್ತು. ಗೊತ್ತಿಲ್ಲದ್ದು ಅದರ ಅರ್ಥ ಮಾತ್ರ. ನಾಳೆಯೋ ಮುಂದಿನ ತಿಂಗಳೋ ರೇಡಿಯೋದಲ್ಲಿ ಯಾರೋ ಒಬ್ಬರು ಈ ಲಸಿಕೆ ಹೆಪ್ಪುಗಟ್ಟಬಾರದು ಅನ್ನುತ್ತಾರೆ. ಆಗ?

ಜುಲೈ 11, ಭಾನುವಾರ

ಮೊದಲು ಮೆಲೆಕಿಗೆ ಹೇಳೋಣ ಅಂದುಕೊಂಡೆ, ಒಬ್ಬನಿಗೇ. ದೋಣಿಗೆ ಟಾರು ಬಳಿಯುತ್ತಿದ್ದ.

"ನೀನು ಫ್ರೀಜರಿಗೆ ಹಾಕಿದ್ದಕ್ಕೆ ಮದ್ದು ಹಾಳಾಗಿದೆ. ಯಾರಿಗೂ ಕೆಲಸ ಮಾಡಲ್ಲ. ಮತ್ತೆ ಎಲ್ಲರಿಗೂ ಹಾಕಬೇಕು."

ಕುಂಚ ಕೆಳಗಿಟ್ಟ. ನನ್ನ ಮುಖ ನೋಡಿದ. ಒಂದು ಗಳಿಗೆ, ಅರ್ಥವಾಯಿತೆಂದುಕೊಂಡೆ. ಆಮೇಲೆ ಮುಖ ಬಿರಿಯಿತು.

"ಭಲೇ! ಸೇಡು ತೀರಿಸ್ಕೊಳ್ಳೋಕೆ ಎರಡು ದಿನ ಯೋಚಿಸಿದ್ಯಾ?" ಹೆಂಡತಿಯನ್ನು ಕೂಗಿದ. "ಏ, ಬಾರೇ ಇಲ್ಲಿ! ನಾನು ಇಡೀ ಊರನ್ನ ಕೊಂದುಬಿಟ್ಟೆ ಅಂತಿದಾಳೆ ಬಾವಲಿ!"

ಅವಳು ಬಂದಳು, ನನ್ನ ಚಪ್ಪಲಿಯಲ್ಲಿ. "ಇನ್ನೊಂದ್ಸಲ ಚುಚ್ಚಿ ಇವರ ಮುಖ ನೋಡ್ಬೇಕು ಅಂತ ಆಸೆ ಅಷ್ಟೇ ಇವಳಿಗೆ," ಅಂದಳು.

"ನಿಜ ಹೇಳ್ತಿದೀನಿ," ಅಂದೆ. "ಆಣೆ."

"ವಾಯ್ಬುತಾದವರ ಆಣೆ!" ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು.

ಅಜ್ಜಿಯ ಬಳಿ ಹೋದೆ. ಡ್ರೆಸ್ಸಿಂಗ್ ಮಾಡುತ್ತ, ಕಾಲು ಕೈಯಲ್ಲಿ ಹಿಡಿದುಕೊಂಡೇ, ಮೆಲ್ಲಗೆ ಹೇಳಿದೆ. ಅವಳೂ ನಕ್ಕಳು, ನನ್ನ ತಲೆ ಸವರಿದಳು. "ಅಳೋ ಥರ ಮುಖ ಮಾಡೋದು ಎಷ್ಟು ಚೆನ್ನಾಗಿ ಬರುತ್ತೆ ನಿನಗೆ. ನಿಮ್ಮಪ್ಪನೂ ಹಾಗೇ ಇದ್ದ." ಆಮೇಲೆ, ಬಟ್ಟೆ ಮಡಚುತ್ತ: "ವೈಸಾಕೆ ನೀರೂ ಕುಡೀತಿಲ್ವಂತೆ. ನಾನೇ ಹೋಗಿ ಗುಡಿಸಲಲ್ಲಿ ಅವನ ಜೊತೆ ಇರ್ತೀನಿ. ಸೂಜಿ ಹಾಕ್ಸಿದ್ದಾಯ್ತಲ್ಲ, ನನಗಿನ್ನೇನು."

"ಬೇಡ ಅಜ್ಜಿ. ಅವನಿಗೆ ದಿನಾ ನಾನು ಹೋಗ್ತಿದೀನಲ್ಲ."

"ನೀನು ನರ್ಸ್. ನಾನು ಅಜ್ಜಿ."

ಒಳ್ಳೆಯ ಮದ್ದಾಗಿದ್ದರೂ ಇಷ್ಟು ಬೇಗ ಅವಳನ್ನು ಕಾಯುತ್ತಿರಲಿಲ್ಲ. ಇದು ಎಂದಿಗೂ ಕಾಯುವುದಿಲ್ಲ. ಬೀದಿಯಲ್ಲಿ ನಡೆದರೆ ಮಕ್ಕಳೂ ಹಿಂದಿನಿಂದ ಕೂಗುತ್ತಾರೆ — "ಮದ್ದು ಹಾಳಾಯ್ತು! ಮದ್ದು ಹಾಳಾಯ್ತು!" ಹೊಸ ಆಟ.

ಕಡಲು ಒಂದು ಬೇಲಿ ಅಂದುಕೊಂಡಿದ್ದೆ. ಅದಕ್ಕಿಂತ ಒಳಗೆ ಇನ್ನೊಂದು ಇದೆ. ಏನು ಹೇಳಿದರೂ ನಗುವಾಗಿ ಹಿಂದಿರುಗುತ್ತದೆ.

ಜುಲೈ 12, ಸೋಮವಾರ

ಅಕಾನಿಸಿಯ ಗಂಡನಿಗೆ ಜ್ವರ. ಪಕ್ಕದ ಮನೆಯಲ್ಲೂ ಕೆಮ್ಮು. ಇಬ್ಬರೂ ವೈಸಾಕೆ ಬಂದ ಸಂಜೆ ಆ ಸುತ್ತಿನಲ್ಲಿ ಕೂತಿದ್ದವರೋ, ಆಮೇಲೆ ಹಬ್ಬಿದ್ದೋ ಗೊತ್ತಿಲ್ಲ. "ಸೂಜಿಯ ಜ್ವರ," ಅನ್ನುತ್ತಾರೆ ಮನೆಯವರು. ಸೂಜಿಯ ಜ್ವರ ಒಂದು ವಾರ ಕಳೆದು ಬರುವುದಿಲ್ಲ.

ಬಂಡೆ. ಮೆಲ್ಬರ್ನ್‌ನಿಂದ ಉತ್ತರ ಬಂದಿದೆ. ಡೆಲ್ಟಾ. ಮಾರ್ಕೆಟ್‌ನ ಗುಂಪಿಗೆ ಸೇರಿದ್ದೇ, ಒಂದಕ್ಷರವೂ ವ್ಯತ್ಯಾಸವಿಲ್ಲವಂತೆ. ಅಷ್ಟು ದೂರದಲ್ಲಿ ಕೂತು ಯಾರೋ ನಮ್ಮ ವೈಸಾಕೆಯ ಮೂಗಿನಲ್ಲಿದ್ದುದನ್ನು ಅಕ್ಷರ ಅಕ್ಷರವಾಗಿ ಓದಿದ್ದಾರೆ. ಓದಿ ನಂಬಿದ್ದಾರೆ. ಇಲ್ಲಿ ಎದುರು ನಿಂತು ಹೇಳಿದರೂ ನನ್ನ ಮಾತು...

ಅಜ್ಜಿ ಚಾಪೆ ಸುತ್ತಿಟ್ಟಿದ್ದಾಳೆ. ಬುಧವಾರ ಬೆಳಿಗ್ಗೆ ತೋಟಕ್ಕೆ ಹೊರಡುತ್ತಾಳಂತೆ. ಎಲ್ಲರೂ ಒಪ್ಪಿದ್ದಾರೆ. "ನೀವೇ ಸೂಜಿ ಹಾಕಿದ್ದೀರಲ್ಲ," ಅಂದರು ರಾತು. ನನಗೆ ಥ್ಯಾಂಕ್ಸ್ ಹೇಳಿದರು.

ಜುಲೈ 13, ಮಂಗಳವಾರ

ಬೆಳಿಗ್ಗೆಯಿಂದ ಒಂದೇ ಯೋಚನೆ. ಅಪ್ಪ ಹೇಳುತ್ತಿದ್ದದ್ದು: ತೌವುಗಳ ನಡುವೆ ತಪ್ಪು ಎಂಬುದೇ ಇಲ್ಲ, ಹಾಗಾಗಿ ಸೊರೊ ಇಲ್ಲ. ಬೇರೆ ಯಾರಿಗಾದರೂ ತಪ್ಪು ಮಾಡಿದರೆ ಬೇರಿನ ಕಟ್ಟು ಹಿಡಿದು, ತಲೆ ತಗ್ಗಿಸಿ, ಮನೆಯ ಕೆಳಬಾಗಿಲಲ್ಲಿ, ಸಾಮಾನ್ಯರು ಕೂರುವ ಕಡೆ, ಕೂತು ಕ್ಷಮೆ ಕೇಳಬೇಕು. ಅದು ಸೊರೊ. ಅವರು ಕಟ್ಟು ಮುಟ್ಟಿದರೆ ವಿಷಯ ಮುಗಿಯಿತು, ಮತ್ತೆ ಯಾರೂ ಎತ್ತುವಂತಿಲ್ಲ. ತೌವು ತೌವುಗೆ ಸೊರೊ ಮಾಡಿದ್ದು ಯಾರೂ ಕಂಡಿಲ್ಲ.

ಕಂಡಿಲ್ಲವಾದ್ದರಿಂದಲೇ ಅದಕ್ಕೆ ಇವರಿಗೆ ನಗಲು ಬರುವುದಿಲ್ಲ.

ಕಮ್ಲೇಶ್ ಭಾಯಿಗೆ ಹೇಳಿದೆ. ಎರಡನೇ ಕಟ್ಟು ಅವರ ಬಳಿ ಇದೆ, ಊರು ಬಿಡುವಾಗ ಒಪ್ಪಿಸಬೇಕಾದದ್ದು. ಟವೆಲ್ಲಿನಲ್ಲಿ ಸುತ್ತಿ ದಿಂಬು ಮಾಡಿಕೊಂಡಿದ್ದಾರೆ.

"ಇದನ್ನ ಕೊಟ್ರೆ, ಹೊರಡೋವಾಗ ಬರಿಗೈ."

"ಹೊರಡೋದು ಯಾವಾಗಲೋ."

"ಏನಂತ ಹೇಳ್ತೀರಿ? ಮೆಲೆಕಿ ಮಾಡ್ದ ಅಂತಲಾ?"

"ಪೆಟ್ಟಿಗೆ ನಾನು ಕಾಯಬೇಕಿತ್ತು, ಕಾಯಲಿಲ್ಲ ಅಂತ. ಅಷ್ಟೇ. ಅವನ ಹೆಸರು ಎತ್ತಲ್ಲ."

"ಮೇಲಿನವರಿಗೆ ಗೊತ್ತಾದ್ರೆ ಕೆಲಸಕ್ಕೆ ಕುತ್ತು ಸಿಸ್ಟರ್. ಇವರು ಒಪ್ಪದಿದ್ರೆ?"

"ಆಗ ಇಬ್ಬರೂ ಸೇರಿ ಈಜೋಣ."

ನಗಲಿಲ್ಲ ಅವರು. ದಿಂಬು ಬಿಚ್ಚಿ, ಬೇರಿನ ಮೇಲಿನ ಧೂಳು ಕೈಯಿಂದಲೇ ಒರೆಸಿ, ಎರಡು ಕೈಯಲ್ಲಿ ಕೊಟ್ಟರು. ಇಷ್ಟು ದಿನದಲ್ಲಿ ಅದನ್ನೊಂದನ್ನು ಸರಿಯಾಗಿ ಕಲಿತಿದ್ದಾರೆ. "ನಾನೂ ಪಕ್ಕದಲ್ಲಿ ಕೂರ್ತೀನಿ," ಅಂದರು. "ಮಂಡಿ ನೋಯುತ್ತೆ, ಪರವಾಗಿಲ್ಲ."

ಒಪ್ಪಬಹುದು, ಒಪ್ಪದೆಯೂ ಇರಬಹುದು. ಎರಡರಲ್ಲಿ ಯಾವುದೇ ಆಗಲಿ, ಒಂದಂತೂ ಖಂಡಿತ: ಸೊರೊ ಮಾಡಿದವಳು ಆಮೇಲೆ ತೌವು ಅಲ್ಲ, ಬರೀ ಅತಿಥಿ. ಯಾರೂ ಬಾವಲಿ ಅನ್ನುವುದಿಲ್ಲ. ಅಜ್ಜಿ ಪಲ್ಯ ಕೊಡುವಾಗ ಏನೂ ಕೇಳುವುದಿಲ್ಲ. ಮೆಲೆಕಿಯ ಹೆಂಡತಿ ಚಪ್ಪಲಿ ತೊಳೆದು ಬಾಗಿಲಲ್ಲಿಟ್ಟು ಹೋಗುತ್ತಾಳೆ. ಬೇಡ ಅನ್ನಿಸುತ್ತದೆ. ಇಟ್ಟುಕೊಳ್ಳಲಿ ಅವಳೇ.

ನಾಳೆ. ಬೆಳಗಿನ ನಗಾರಿ ಬಡಿದ ಮೇಲೆ, ಅಜ್ಜಿ ಚಾಪೆ ಹೊತ್ತು ಹೊರಡುವ ಮೊದಲು. ರಾತುವಿನ ಮನೆಯ ಕೆಳಬಾಗಿಲು. ಯಾರಾದರೂ ನಕ್ಕರೆ ನಗು ನಿಲ್ಲುವ ತನಕ ತಲೆ ಎತ್ತದೆ ಕೂರುವುದು. ಆಮೇಲೆ ಹೇಳುವುದು. ಡೆಲ್ಟಾ, ಡಿಗ್ರಿ ಯಾವುದೂ ಮೊದಲಿಗೆ ಬೇಡ. ಮೊದಲ ಮಾತು ಅಜ್ಜಿಗೆ ಕೇಳಿಸಬೇಕು: ಪೆಟ್ಟಿಗೆ ನಾನು ಕಾಯಲಿಲ್ಲ, ನೀನು ಹೋಗಬೇಡ.